ಕಂಟ್ರೋಲರ್ ಜಿಮ್ಮಿಗೆ ಹೋದದ್ದು

ಕೆಲವರು ಎಲ್ಲಿಗೆ ಹೋದರೂ ಮರ್ಯಾದೆಯಿಂದ ಹೋಗಿ ಮರ್ಯಾದೆಯಿಂದ ಬರುತ್ತಾರೆ. ನಾನು ಹಾಗಲ್ಲ. ಹಾಲು ತರಲು ಹೋದರೂ ಹಾಲಿನ ಜೊತೆ ಒಂದು ಫಜೀತಿಯನ್ನು ಮನೆಗೆ ತಂದಿರುತ್ತೇನೆ. ಅಂಥವನು ಐವತ್ತು ದಾಟಿದ ಮೇಲೆ ಜಿಮ್ಮಿಗೆ ಸೇರಿದರೆ ಏನಾಗಬೇಕೋ ಅದೇ ಆಯಿತು.

ನಾನು ಬಸ್ ಸ್ಟ್ಯಾಂಡಿನ ಕಂಟ್ರೋಲರ್. ಮೈಕಿನಲ್ಲಿ 'ಪ್ರಯಾಣಿಕರ ಗಮನಕ್ಕೆ' ಎಂದು ಕೂಗುತ್ತದಲ್ಲ, ಆ ದನಿ ನನ್ನದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ಕಡೆ ಡ್ಯೂಟಿ ಮಾಡಿದ್ದೇನೆ. ಈಗ ಇವುಗಳಲ್ಲಿ ಯಾವ ಊರಲ್ಲಿದ್ದೇನೆ ಎಂದು ಹೇಳುವುದಿಲ್ಲ. ಹೇಳಿದರೆ ನಾಳೆ ಜಿಮ್ಮಿಗೆ ಹೋಗುವುದು ಕಷ್ಟ.

ಊರಿಗೆಲ್ಲ ನನ್ನ ದನಿ ಗೊತ್ತು, ಮುಖ ಗೊತ್ತಿಲ್ಲ. ಮೈಕ್ ಮುಂದೆ ನಾನು ಹುಲಿ. ಮೈಕ್ ಬಿಟ್ಟು ನಾಲ್ಕು ಮಂದಿ ನಡುವೆ ನಿಂತರೆ ಮಾತು ಗಂಟಲಲ್ಲೇ ಕೂತುಬಿಡುತ್ತದೆ. ವರ್ಷಗಟ್ಟಲೆ ಅದೇ ಕುರ್ಚಿಯಲ್ಲಿ ಕೂತು ಹೊಟ್ಟೆ ಮೇಜಿಗೆ ತಾಗತೊಡಗಿತ್ತು. ಒಂದು ದಿನ ಡಾಕ್ಟರು ನನ್ನ ರಕ್ತದ ಸಕ್ಕರೆ ನೋಡಿ ಕನ್ನಡಕ ತೆಗೆದು ಕೆಳಗಿಟ್ಟರು.

"ಕಂಟ್ರೋಲರ್ ಸಾಹೇಬ್ರ, ಎಲ್ಲಾರ್ನೂ ಗಾಡಿ ಹತ್ತಿಸಿ ಕಳಸ್ತೀರಿ. ನೀವೂ ಇಷ್ಟ ಲಗೂನ ಹೊರಡೂ ವಿಚಾರ ಐತೇನ್ರಿ?"

ಹೆಂಡತಿ ಪಕ್ಕದಲ್ಲೇ ಇದ್ದಳು. ಮನೆ ಮುಟ್ಟುವಷ್ಟರಲ್ಲಿ ಜಿಮ್ಮಿಗೆ ಸೇರುವುದೆಂದು ತೀರ್ಮಾನವಾಗಿತ್ತು. ತೀರ್ಮಾನ ಅವಳದು, ಶರೀರ ಮಾತ್ರ ನನ್ನದು.

ಮಗನ ಪ್ಯಾಂಟು

ಜಿಮ್ಮಿಗೆ ಧೋತರ ಉಟ್ಟು ಹೋಗಲು ಬರುವುದಿಲ್ಲ, ಡ್ಯೂಟಿಯ ಖಾಕಿ ಪ್ಯಾಂಟಿನಲ್ಲೂ ಆಗುವುದಿಲ್ಲ. ಟ್ರ್ಯಾಕ್ ಪ್ಯಾಂಟ್ ಬೇಕು ಎಂದು ಗೊತ್ತಾಯಿತು. ಬಜಾರದ ಬಟ್ಟೆ ಅಂಗಡಿಗೆ ಹೋದೆ. ಒಳಗೆ ಇಬ್ಬರು ಹೆಣ್ಣುಮಕ್ಕಳು ಸೀರೆ ನೋಡುತ್ತಿದ್ದರು. ಅವರ ಮುಂದೆ 'ನನಗೆ ಜಿಮ್ಮಿಗೆ ಹೋಗಲು ಪ್ಯಾಂಟ್ ಕೊಡಿ' ಎನ್ನಲು ನಾಲಿಗೆ ಏಳಲಿಲ್ಲ.

"ಟ್ರ್ಯಾಕ್ ಪ್ಯಾಂಟ್ ತೋರಸ್ರಿ," ಎಂದೆ ಮೆಲ್ಲಗೆ.

"ಯಾರಿಗ್ರಿ?" ಎಂದು ಅಂಗಡಿಯವನು ಅಲ್ಲಿಂದಲೇ ಕೂಗಿದ.

"ಮಗಗ್ರಿ."

"ಸೈಜ್?"

ಇದಕ್ಕೆ ನಾನು ತಯಾರಾಗಿರಲಿಲ್ಲ. "ಹೆಚ್ಚು ಕಡಿಮಿ ನನ್ನಷ್ಟ ಅದಾನ್ರಿ," ಎಂದೆ.

ಅಂಗಡಿಯವನು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದ. ಹೊಟ್ಟೆಯ ಹತ್ತಿರ ಅವನ ಕಣ್ಣು ಸ್ವಲ್ಪ ಹೊತ್ತು ನಿಂತವು. ಎಲ್ಲಕ್ಕಿಂತ ಮೇಲಿನ ಗೂಡಿಗೆ ಏಣಿ ಹಾಕಿ ಒಂದು ಪ್ಯಾಂಟ್ ಇಳಿಸಿದ. ನಾನು ಅದನ್ನು ಸೊಂಟಕ್ಕೆ ಹಿಡಿದು ಅಳತೆ ನೋಡಿದೆ. ಸರಿ ಇದೆ ಎಂದೆ.

"ವಯಸ್ಸೆಷ್ಟ್ರಿ ಮಗಗ?"

"ಇಪ್ಪತ್ತ್ರಿ. ಧಾರವಾಡದಾಗ ಓದ್ತಾನ."

ಅವನು ಪ್ಯಾಂಟನ್ನು ಚೀಲಕ್ಕೆ ಹಾಕುತ್ತ ನನ್ನ ಕಡೆ ಬಾಗಿದ. ಹಿತೈಷಿಯ ದನಿಯಲ್ಲಿ ಹೇಳಿದ:

"ಸಿಟ್ಟಿಗೇಳಬ್ಯಾಡ್ರಿ. ಇಪ್ಪತ್ತಕ್ಕ ಈ ಹೊಟ್ಟಿ ಛಲೋ ಅಲ್ರಿ. ಆ ಹುಡುಗನ್ನ ಮೊದಲ ಜಿಮ್ಮಿಗೆ ಹಚ್ಚ್ರಿ."

ಕಡ್ಡಿಯಂತಿರುವ ನನ್ನ ಮಗನಿಗೆ ಈ ಮಾತು ಈವರೆಗೆ ತಿಳಿಸಿಲ್ಲ.

ಯಾರ ಅಪ್ಪ?

ನಮ್ಮೂರ ಜಿಮ್ ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಮೊದಲ ದಿನ ಕೆಳಗೆ ನಿಂತು ಬಹಳ ಹೊತ್ತು ಯೂರಿಯಾ ಚೀಲಗಳನ್ನೇ ನೋಡಿದೆ. ಅಂಗಡಿಯವರು ಎರಡು ಸಲ "ಏನ್ ಬೇಕಾಗಿತ್ತ್ರಿ?" ಎಂದರು. ಮೂರನೇ ಸಲ ಕೇಳಿದರೆ ಒಂದು ಚೀಲ ಕೊಂಡು ಮನೆಗೆ ಹೊರುವ ಪ್ರಸಂಗ ಬಂದೀತು ಎಂದು ಹೆದರಿ ಮೆಟ್ಟಿಲು ಹತ್ತಿದೆ.

ಒಳಗೆ ಕಾಲಿಟ್ಟದ್ದೇ ತಡ, ಒಂದು ವಿಚಿತ್ರ ನಡೆಯಿತು. ಕಬ್ಬಿಣ ಎತ್ತುತ್ತಿದ್ದ ಹುಡುಗರೆಲ್ಲ ನನ್ನನ್ನು ನೋಡಿ ಗಪ್ಪಾದರು. ಒಬ್ಬ ಹಾಡು ಬಂದ್ ಮಾಡಿದ. ಇನ್ನೊಬ್ಬ ಅಂಗಿ ಹುಡುಕತೊಡಗಿದ. ಮೂಲೆಯಲ್ಲಿದ್ದ ಒಬ್ಬ ಬಗ್ಗಿ ಬಟ್ಟೆ ಬದಲಿಸುವ ಕೋಣೆಗೆ ಓಡಿಹೋಗಿ ಪರದೆ ಎಳೆದುಕೊಂಡ.

ಜಿಮ್ ನಡೆಸುವ ಕೋಚ್ ಬಂದ. ಮೂವತ್ತರೊಳಗಿನ ತರುಣ, ತೋಳು ನನ್ನ ತೊಡೆಯಷ್ಟಿದ್ದವು. ಆದರೆ ಕೈ ಕಟ್ಟಿಕೊಂಡು ಬಹಳ ವಿನಯದಿಂದ ನಿಂತ.

"ಬರ್ರಿ ಯಜಮಾನ್ರ, ಕೂಡ್ರಿ. ಸಿಟ್ಟಿಗೇಳಬ್ಯಾಡ್ರಿ. ನಿಮ್ಮ ಮಗ ಇಲ್ಲಿ ಬಂದು ಕೆಟ್ಟಿಲ್ರಿ. ಗುಟಕಾ ಬಿಟ್ಟಾನ. ಸಂಜೀಕ ಕಟ್ಟಿ ಮ್ಯಾಲ ಕೂಡೂದು ಬಿಟ್ಟಾನ. ಓದಿನ ಕಡೆನೂ ಲಕ್ಷ್ಯ ಐತ್ರಿ."

ಇಷ್ಟು ಒಳ್ಳೆಯ ಮಗ ಯಾರವನೋ ಎಂದು ನನಗೂ ಕೇಳುವ ಆಸೆಯಾಯಿತು. "ನನ್ನ ಮಗ ಇಲ್ಲಿಗೆ ಬರೂದಿಲ್ರಿ," ಎಂದೆ.

"ಮತ್ತ ನೀವು?"

"ನಾನ ಸೇರಾಕ ಬಂದೇನ್ರಿ."

ಕೋಚ್ ನನ್ನ ಕೈಯಲ್ಲಿದ್ದ ಚೀಲ ನೋಡಿದ, ಚೀಲದೊಳಗಿನ ಟ್ರ್ಯಾಕ್ ಪ್ಯಾಂಟ್ ನೋಡಿದ. ಮುಖ ಅರಳಿತು. "ಅಯ್ಯ, ಬರ್ರಿ ಸರ! ನಾ ಅಂಜೇ ಸತ್ತಿದ್ದೆ!" ಎಂದು ನನ್ನ ಕೈ ಹಿಡಿದು ಜೋರಾಗಿ ಕುಲುಕಿದ. ಭುಜದವರೆಗೆ ನೋವಾಯಿತು. ಅದೇ ನನ್ನ ಮೊದಲ ವ್ಯಾಯಾಮ.

ಅಷ್ಟರಲ್ಲಿ ಪರದೆಯ ಹಿಂದಿನಿಂದ ಸಣ್ಣ ದನಿ ಬಂತು:

"ಅಣ್ಣಾ, ನಮ್ಮಪ್ಪ ಹ್ವಾದ್ನೇನೋ?"

ನಿಲ್ಲಿಸುವುದು ಯಾರು?

ಮುಂಜಾನೆಯ ಬ್ಯಾಚಿಗೆ ಸೇರಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಎಂದು ನನಗೆ ಖಾತ್ರಿಯಾಗಿತ್ತು. ನಿಜಕ್ಕೂ ಎಲ್ಲರೂ ಕನ್ನಡಿಯಲ್ಲಿ ತಮ್ಮ ತಮ್ಮ ತೋಳುಗಳನ್ನು ನೋಡಿಕೊಳ್ಳುತ್ತಿದ್ದರು. ಅದು ತಿಳಿಯಲು ಬಹಳ ದಿನ ಬೇಕಾಯಿತು.

ಕೋಚ್ ನನ್ನನ್ನು ಟ್ರೆಡ್‌ಮಿಲ್ ಮೇಲೆ ನಿಲ್ಲಿಸಿ, ಅದನ್ನು ಚಾಲೂ ಮಾಡಿ, "ಹಿಂಗ ಆರಾಮ ನಡೀರಿ, ಬಂದೆ," ಎಂದು ಹೇಳಿ ಕೆಳಗೆ ಚಹಾಕ್ಕೆ ಹೋದ. ಪಕ್ಕದ ಟ್ರೆಡ್‌ಮಿಲ್ ಮೇಲೆ ಒಬ್ಬ ಸಾವಕಾರರು ನಡೆಯುತ್ತಿದ್ದರು. ಎಪಿಎಂಸಿಯಲ್ಲಿ ತೊಗರಿ ವ್ಯಾಪಾರ. ಗಾತ್ರದಲ್ಲಿ ನನಗಿಂತ ಒಂದು ಕೈ ಮೇಲು. ಇಬ್ಬರೂ ಪರಸ್ಪರ ನೋಡಿ ತಲೆ ಆಡಿಸಿದೆವು.

ಸ್ವಲ್ಪ ಹೊತ್ತಿಗೆ ಸಾಕೆನಿಸಿತು. ಆದರೆ ಇದನ್ನು ನಿಲ್ಲಿಸುವುದು ಹೇಗೆ? ಮುಂದೆ ಬಹಳಷ್ಟು ಬಟನ್ ಇದ್ದವು. ತಪ್ಪು ಬಟನ್ ಒತ್ತಿದರೆ ಓಡಬೇಕಾದೀತು. ಹಿಂದಿದ್ದ ಹುಡುಗರನ್ನು ಕೇಳಲು ಮಾನ ಅಡ್ಡ ಬಂತು. ಪಕ್ಕದ ಸಾವಕಾರರು ಅನುಭವಸ್ಥರ ಹಾಗೆ ಕಾಣುತ್ತಿದ್ದರು. ಅವರು ನಿಲ್ಲಿಸುವಾಗ ನೋಡಿಕೊಂಡರಾಯಿತು ಎಂದು ನಡೆಯುತ್ತಲೇ ಇದ್ದೆ.

ಸಾವಕಾರರು ನಿಲ್ಲಿಸಲಿಲ್ಲ. ಅವರ ಮುಖ ಕೆಂಪಾಯಿತು, ಬೆವರು ಗದ್ದದಿಂದ ತೊಟ್ಟಿಕ್ಕಿತು, ಆದರೂ ಗಟ್ಟಿ ಮನುಷ್ಯ, ನಡೆದೇ ನಡೆದರು. ನನ್ನ ಮೊಣಕಾಲು ನನ್ನ ಮಾತು ಕೇಳುವುದನ್ನು ಬಿಟ್ಟಿದ್ದವು. ಹಿಂದಿನಿಂದ ಹುಡುಗರ ಮಾತು ಕೇಳಿಸಿತು.

"ನೋಡ್ರಲೇ, ಜ್ವಾಳದ ರೊಟ್ಟಿ ತಿಂದು ಬೆಳದ ಮಂದಿ ಅಂದ್ರ ಹಿಂಗ! ದಣೂದ ಇಲ್ಲ!"

ಹೊಗಳಿಸಿಕೊಂಡ ಮೇಲೆ ನಿಲ್ಲುವುದು ಇನ್ನೂ ಕಷ್ಟ. ಮನಸ್ಸಿನಲ್ಲೇ ಹೆಂಡತಿ ಮಕ್ಕಳನ್ನು ನೆನೆದೆ. ಆಗ ಪುಣ್ಯಕ್ಕೆ ಕರೆಂಟು ಹೋಯಿತು. ಟ್ರೆಡ್‌ಮಿಲ್ ನಿಂತವು. ಹುಡುಗರೆಲ್ಲ "ಥೋ!" ಎಂದು ಬೈದರು. ನಾವಿಬ್ಬರೂ ಕಂಬಿ ಹಿಡಿದು ಏದುಸಿರು ಬಿಟ್ಟೆವು.

"ಭಾಳ ನಡೀತೀರ್ರಿ ಸರ ನೀವು," ಎಂದರು ಸಾವಕಾರರು, ಮಾತು ಹೊರಡುವ ಹಾಗಾದ ಮೇಲೆ.

"ಎಲ್ಲಿ ನಡೀತೇನ್ರಿ! ಹ್ಯಾಂಗ ನಿಲ್ಲಸೂದು ಗೊತ್ತಿರಲಿಲ್ಲ. ನಿಮ್ಮನ್ನ ನೋಡಿ ಕಲೀಬೇಕಂತ ಕಾದೆ."

ಸಾವಕಾರರು ನನ್ನನ್ನೇ ದಿಟ್ಟಿಸಿದರು. ಆಮೇಲೆ ಅಲ್ಲೇ ನೆಲಕ್ಕೆ ಕೂತುಬಿಟ್ಟರು.

"ಯಪ್ಪಾ ಶಿವನ! ನಾನೂ ನಿಮ್ಮನ್ನ ನೋಡಿ ಕಲೀಬೇಕಂತ ಕಾದೇನ್ರೀ! ನಾನೂ ನಿನ್ನೆ ಸೇರೇನಿ, ಇವತ್ತ ಮೊದಲ ಸಲ ಇದನ್ನ ಹತ್ತೇನಿ!"

ಅವತ್ತಿನಿಂದ ನಾವಿಬ್ಬರೂ ಜೀವದ ಗೆಳೆಯರು. ಈಗಲೂ ಟ್ರೆಡ್‌ಮಿಲ್ ಹತ್ತುವ ಮೊದಲು ಇಬ್ಬರೂ ನಿಲ್ಲಿಸುವ ಕೆಂಪು ಬಟನ್ನಿಗೆ ಒಮ್ಮೆ ಕೈ ಮುಗಿಯುತ್ತೇವೆ.

ರೊಟ್ಟಿಯ ತಕರಾರು

ಕೋಚ್ ಒಂದು ದಿನ, "ಸರ, ರೊಟ್ಟಿ ಕಡಿಮಿ ಮಾಡ್ರಿ. ಕಾಳು, ಮಜ್ಜಿಗಿ, ತಪ್ಪಲ ಹೆಚ್ಚು ಮಾಡ್ರಿ," ಎಂದ. ಮನೆಗೆ ಬಂದು ಹೇಳಿದೆ. ಒಲೆಯ ಮುಂದಿದ್ದ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ನನ್ನ ರೊಟ್ಟಿಗೆ ಹೆಸರಿಡಾಂವ ಯಾಂವ? ಇಷ್ಟ ವರ್ಷ ಉಂಡ್ರಿ, ಈಗ ರೊಟ್ಟಿ ಕೆಟ್ಟದ್ದಾತು? ಕರ್ಕೊಂಡ ಬರ್ರಿ ಅವನ್ನ ಮನಿಗೆ."

ಜಗಳವಾಗುತ್ತದೆ ಎಂದು ನಾನು ತಪ್ಪಿಸಿದೆ. ಅವಳು ಬಿಡಲಿಲ್ಲ. ಬಜಾರದಲ್ಲಿ ತಾನೇ ಕೋಚ್‌ನನ್ನು ಹಿಡಿದು ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆದಳು. ಪಾಪ, ಅವನು ಅಂಜುತ್ತ ಬಂದ. ಬಾಗಿಲಲ್ಲೇ, "ಅಕ್ಕಾರ, ನಾ ಸರ್‌ ಅವರ ಆರೋಗ್ಯದ ಸಲವಾಗಿ ಹೇಳೇನ್ರಿ," ಎಂದ.

"ಅದನ್ನ ಆಮ್ಯಾಲ ಮಾತಾಡೂಣು. ಮೊದಲ ಕೈ ತೊಳಕೊ," ಎಂದಳು.

ಬಿಸಿ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಹಿಂಡಿ, ಕೆನೆಮೊಸರು. ಹುಡುಗ ಹೊರಗಿನ ಊರಿನವನು, ಖಾನಾವಳಿಯ ಊಟದ ಮೇಲೆ ಬದುಕಿದವನು. ಮೊದಲ ರೊಟ್ಟಿ ಮುರಿಯುವಾಗ ಸಂಕೋಚ ಇತ್ತು. ಆಮೇಲೆ ಇರಲಿಲ್ಲ. ಹೆಂಡತಿ ಬಡಿಯುತ್ತ ಹೋದಳು, ಅವನು ಉಣ್ಣುತ್ತ ಹೋದ. ನನ್ನ ತಟ್ಟೆಯಲ್ಲಿ ಮಾತ್ರ ಕೋಚ್ ಹೇಳಿದಂತೆ ಒಂದೇ ರೊಟ್ಟಿ ಮತ್ತು ಒಂದು ರಾಶಿ ಮೆಂತ್ಯದ ತಪ್ಪಲು. ನಾನು ಅದನ್ನು ಮೇಯುತ್ತ ಅವನನ್ನೇ ನೋಡುತ್ತಿದ್ದೆ.

ಕೊನೆಗೆ ಕೈ ತೊಳೆದು ಬಂದವನನ್ನು ಹೆಂಡತಿ ಕೇಳಿದಳು: "ಈಗ ಹೇಳು ತಮ್ಮಾ, ರೊಟ್ಟಿ ಬಂದ್ ಮಾಡೂಣೇನು?"

ಕೋಚ್ ತನ್ನ ಹೊಟ್ಟೆಯ ಮೇಲೆ ಕೈಯಾಡಿಸಿ, ನನ್ನ ಕಡೆ ನೋಡದೆ ಹೇಳಿದ:

"ಸರ್‌ಗ ಬಂದ್ ಮಾಡ್ರಿ ಅಕ್ಕಾರ. ಅವರ ಪಾಲಿಂದು ನಾ ಬಂದು ಉಂಡು ಹೋಗ್ತೇನಿ."

ಮೂಗ ಅಂಕಲ್

ಒಂದು ತಿಂಗಳು ನನ್ನ ಡ್ಯೂಟಿ ಬೆಳಗಿನ ಪಾಳಿಗೆ ಬದಲಾಯಿತು. ಜಿಮ್ಮಿಗೆ ಸಂಜೆ ಬ್ಯಾಚಿನಲ್ಲಿ ಹೋಗಬೇಕಾಯಿತು. ಅಲ್ಲಿ ಸಾವಕಾರರಿಲ್ಲ, ಬರೀ ತರುಣರು. ಮತ್ತೆ ಹೊಸಬನಾದೆ. ಮೊದಲ ದಿನವೇ ಬಾಗಿಲಲ್ಲಿ ಒಂದು ಮಾತು ಕಿವಿಗೆ ಬಿತ್ತು. ಮೀಸೆಯ ಒಬ್ಬ ಪೈಲ್ವಾನನಂಥ ಹುಡುಗ ಗೆಳೆಯರಿಗೆ ಹೇಳುತ್ತಿದ್ದ:

"ಕನ್ಯಾ ನೋಡಾಕ ತಾಳಿಕೋಟಿಗೆ ಹೊಂಟಿದ್ವಿ. ಮೈಕಿನ್ಯಾಗ ಎರಡನೇ ಪ್ಲಾಟ್‌ಫಾರ್ಮ್ ಅಂದ. ಅಲ್ಲಿ ನಿಂತ್ವಿ. ಬಸ್ಸು ಐದರಾಗ ಬಂದು ಹೋತು. ಕನ್ಯಾ ಬ್ಯಾರೇದವಗ ನಿಕ್ಕಿ ಆತು. ಆ ಮೈಕಿನ್ಯಾಂವ ಸಿಗಬೇಕು ನನಗ!"

ಆ ದಿನ ನನಗೆ ನೆನಪಿತ್ತು. ನಾನು ಹೇಳಿದ್ದು ಸರಿಯಾಗಿಯೇ ಇತ್ತು. ಎರಡನೇ ಪ್ಲಾಟ್‌ಫಾರ್ಮಿನಲ್ಲಿ ಕೆಟ್ಟ ಗಾಡಿಯೊಂದು ನಿಂತಿದ್ದಕ್ಕೆ ಡ್ರೈವರ್ ಐದಕ್ಕೆ ಹೋಗಿದ್ದ. ಆದರೆ ಅದನ್ನು ಆ ತೋಳುಗಳಿಗೆ ತಿಳಿಸಿ ಹೇಳುವವರು ಯಾರು? ಆ ಜಿಮ್ಮಿನಲ್ಲಿ ಸಂಜೆ ಹಾಡಿನ ಗದ್ದಲ ಎಷ್ಟೆಂದರೆ ಮಾತಾಡಬೇಕಾದರೆ ಕೂಗಲೇಬೇಕು. ನಾನು ಕೂಗಿದರೆ ಊರಿಗೇ ಗುರುತು ಸಿಗುತ್ತದೆ. ಹಾಗಾಗಿ ಬಾಯಿ ಮುಚ್ಚಿದೆ. ಕೋಚ್‌ಗೆ ಮಾತ್ರ ಗುಟ್ಟು ಹೇಳಿ, ಯಾರಿಗೂ ತಿಳಿಸಬೇಡ ಎಂದು ಕೈ ಮುಗಿದಿದ್ದೆ. ಯಾರು ಏನು ಕೇಳಿದರೂ ತಲೆ ಆಡಿಸಿದೆ, ಕೈ ಮಾಡಿದೆ, ನಕ್ಕೆ.

ಒಂದೆರಡು ದಿನದಲ್ಲಿ ಅವರು ತಾವೇ ತೀರ್ಮಾನಿಸಿದರು. ಪಾಪ, ಅಂಕಲ್‌ಗೆ ಮಾತು ಬರುವುದಿಲ್ಲ. ಅವತ್ತಿನಿಂದ ನನಗೆ ರಾಜೋಪಚಾರ. ನಾನು ಬಂದರೆ ಯಂತ್ರ ಬಿಟ್ಟುಕೊಡುತ್ತಿದ್ದರು. ನನ್ನ ಜೊತೆ ಕೈಸನ್ನೆ ಮಾಡಿ ಮಾತಾಡುತ್ತಿದ್ದರು. ಎಲ್ಲಕ್ಕಿಂತ ಹೆಚ್ಚು ಪ್ರೀತಿ ತೋರಿಸಿದವನು ಆ ಮೀಸೆಯ ಹುಡುಗನೇ. ತೂಕ ಎತ್ತುವುದನ್ನು ತಾನೇ ಮಾಡಿ ತೋರಿಸಿ, ಬೆರಳೆಣಿಸಿ ಕಲಿಸಿದ. ನನ್ನ ನೀರಿನ ಬಾಟಲಿ ತುಂಬಿ ತಂದ. ಇಷ್ಟು ಒಳ್ಳೆಯವನಿಗೆ ಮೋಸ ಮಾಡುತ್ತಿದ್ದೇನಲ್ಲ ಎಂದು ಆ ನೀರು ಕುಡಿಯಲೂ ನಾಚಿಕೆ. ಈಗ ಬಾಯಿ ಬಿಟ್ಟರೆ ಬಸ್ಸಿನದೊಂದು, ಮೂಗನಾದದ್ದೊಂದು, ಎರಡು ಗುನ್ನೆ ಎಂದು ಅಂಜಿಕೆ.

ಒಂದು ಸಂಜೆ ಅವನು ಬೆಂಚಿನ ಮೇಲೆ ಅಂಗಾತ ಮಲಗಿ ಭಾರೀ ತೂಕದ ಕಬ್ಬಿಣದ ರಾಡ್ ಎತ್ತುತ್ತಿದ್ದ. ಕೈ ಸೋತಿತು. ರಾಡ್ ಎದೆಯ ಮೇಲೆ ಕೂತಿತು. ಅವನ ಕಣ್ಣು ಮೇಲಾದವು, ದನಿ ಹೊರಡಲಿಲ್ಲ. ಹತ್ತಿರ ಇದ್ದವನು ನಾನೊಬ್ಬನೇ. ಓಡಿ ಹೋಗಿ ರಾಡ್ ಹಿಡಿದು ಎಳೆದೆ, ಅಲುಗಲಿಲ್ಲ. ಉಳಿದವರು ಆ ತುದಿಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದರು. ಕೋಚ್ ಬಾಲ್ಕನಿಯಲ್ಲಿ ಫೋನಿನಲ್ಲಿದ್ದ. ಹಾಡು ಹೊಡೆದುಕೊಳ್ಳುತ್ತಿತ್ತು. ನಾನು ಉಸಿರು ತುಂಬಿ ಕೂಗಿದೆ. ಆಪತ್ತಿನಲ್ಲಿ ಬಾಯಿಗೆ ರೂಢಿಯಿದ್ದದ್ದೇ ಬಂತು:

"ಪ್ರಯಾಣಿಕರ ಗಮನಕ್ಕೆ! ಬೆಂಚಿನ ಮೇಲೆ ಹುಡುಗ ಸಿಕ್ಕಿಬಿದ್ದಿದ್ದಾನೆ! ಕೂಡಲೇ ಬರಬೇಕು!"

ಹಾಡು ಸೋತಿತು. ಎಲ್ಲರೂ ಓಡಿ ಬಂದು ರಾಡ್ ಎತ್ತಿದರು. ಹುಡುಗ ಎದ್ದು ಕೂತು, ಕೆಮ್ಮಿ, ನೀರು ಕುಡಿದು, ನನ್ನನ್ನೇ ನೋಡತೊಡಗಿದ. ಒಬ್ಬೊಬ್ಬರಾಗಿ ಎಲ್ಲರೂ ನನ್ನನ್ನೇ ನೋಡಿದರು. ಓಡಿಹೋಗಲು ಬಾಗಿಲು ಎಷ್ಟು ದೂರ ಇದೆ ಎಂದು ನಾನೂ ನೋಡಿದೆ.

ಹುಡುಗ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರಿತ್ತು.

"ಅಂಕಲ್, ಜೀವಾ ಉಳಿಸಿದ್ರಿ. ಹಳೇದೆಲ್ಲಾ ಮರತೇನ್ರಿ. ಬರೂ ಸೋಮವಾರ ಮುದ್ದೇಬಿಹಾಳಕ್ಕ ಇನ್ನೊಂದು ಕನ್ಯಾ ನೋಡಾಕ ಹೊಂಟೇವಿ. ಯಾವ ಪ್ಲಾಟ್‌ಫಾರ್ಮ್ ಅನ್ನೂದು ಈಗ ಖರೇ ಹೇಳಿಬಿಡ್ರಿ."

ಎಣಿಕೆ

ಇಷ್ಟೆಲ್ಲ ಆಗುವಷ್ಟರಲ್ಲಿ ಹೊಟ್ಟೆ ಮೇಜು ಬಿಟ್ಟು ಹಿಂದೆ ಸರಿದಿತ್ತು. ಡಾಕ್ಟರು ರಿಪೋರ್ಟ್ ನೋಡಿ ಕನ್ನಡಕ ತೆಗೆಯದೇ ನಕ್ಕರು. ಮೆಟ್ಟಿಲು ಹತ್ತುವಾಗ ಈಗ ಯೂರಿಯಾ ಚೀಲಗಳ ಕಡೆ ನೋಡುವುದೂ ಇಲ್ಲ. ಹುರುಪು ಹೆಚ್ಚಾಯಿತು. ಹುರುಪು ಹೆಚ್ಚಾದಾಗಲೇ ನನಗೆ ಗಂಡಾಂತರ.

ಕೋಚ್ ಹೇಳಿದ್ದ: "ಸರ, ಕುರ್ಚಿ ಮ್ಯಾಲ ದಿನಪೂರ್ತಿ ಕೂಡಬ್ಯಾಡ್ರಿ. ಟೈಮ್ ಸಿಕ್ಕಾಗ ಅಲ್ಲೇ ನಾಕು ಬೈಠಕ್ ಹೊಡೀರಿ."

ಒಂದು ಮಧ್ಯಾಹ್ನ. ಸಂತೆಯ ದಿನ, ಬಸ್ ಸ್ಟ್ಯಾಂಡ್ ತುಂಬಿತ್ತು. ಆದರೆ ಗಾಡಿಗಳೆಲ್ಲ ತಡ. ನಾನು ಮೈಕಿನಲ್ಲಿ, "ಪ್ರಯಾಣಿಕರ ಗಮನಕ್ಕೆ, ಮೋರಟಗಿ ಕಡೆ ಹೋಗುವ ಬಸ್ಸು ಇನ್ನು ಸ್ವಲ್ಪ ಹೊತ್ತಿನಲ್ಲಿ ಬರಲಿದೆ," ಎಂದು ಹೇಳಿ ಸ್ವಿಚ್ ಒತ್ತಿದೆ. ಆ ಸ್ವಿಚ್ ನಾನು ಊಟಕ್ಕೆ ಹೋದಾಗ ರಿಪೇರಿಯಾಗಿ ತಲೆಕೆಳಗಾಗಿ ಕೂತಿತ್ತು ಎಂದು ನನಗೆ ತಿಳಿದಿರಲಿಲ್ಲ. ಮಾತಾಡಿದಾಗ ಹೊರಗೆ ಯಾರಿಗೂ ಏನೂ ಕೇಳಿರಲಿಲ್ಲ. ಬಂದ್ ಮಾಡಿದೆ ಎಂದುಕೊಂಡೆನಲ್ಲ, ಆಗ ಅದು ಚಾಲೂ ಆಯಿತು.

ಕಿಟಕಿಯ ಪರದೆ ಎಳೆದು, ಕೂತು ಏಳುವ ಬೈಠಕ್ ಶುರು ಮಾಡಿದೆ. ಕೋಚ್ ಕಲಿಸಿದಂತೆ ಗಟ್ಟಿಯಾಗಿ ಎಣಿಸಿಕೊಂಡೆ.

"ಒಂದು!"

ಹೊರಗೆ ಮೋರಟಗಿ ಬಸ್ಸಿಗೆ ಕಾದಿದ್ದ ಮಂದಿ, ತಮ್ಮ ಗಾಡಿಯೇ ಬಂತೆಂದು ಚೀಲ ಎತ್ತಿಕೊಂಡು ಒಂದನೇ ಪ್ಲಾಟ್‌ಫಾರ್ಮಿಗೆ ಓಡಿದರಂತೆ. ಇದನ್ನೆಲ್ಲ ಆಮೇಲೆ ಚಹಾ ಅಂಗಡಿಯವನು ಹೇಳಿದ.

"ಎರಡು!"

ಬಸ್ಸು ಎರಡಕ್ಕೆ ಬಂತೆಂದು ಎಲ್ಲರೂ ಅಲ್ಲಿಂದ ಎರಡಕ್ಕೆ ಓಡಿದರು. "ಮೂರು!" ಎಂದಾಗ ಮೂರಕ್ಕೆ. ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು, ಮೆಣಸಿನಕಾಯಿ ಚೀಲ ಹೊತ್ತು, ಕೋಳಿ ಹಿಡಿದುಕೊಂಡು. ನಾಲ್ಕು ಎಂದಾಗ ಝಳಕಿಗೆ ಹೋಗುವವರೂ, ಏನೋ ಇರಬೇಕೆಂದು, ಇವರ ಹಿಂದೆ ಓಡತೊಡಗಿದರು. ಐದರಲ್ಲಿ ನನ್ನ ಮೊಣಕಾಲು ಕಟಕ್ಕೆಂದವು. "ಯಪ್ಪಾ, ಇನ್ನ ಆಗೂದಿಲ್ಲ!" ಎಂದೆ. ಹೊರಗೆ ಬಸ್ಸು ರದ್ದಾಯಿತೆಂದು ಗಲಾಟೆ ಎದ್ದಿತು. ಅಷ್ಟರಲ್ಲಿ ನಾನು, "ಆಗತೈತಿ, ಆಗತೈತಿ, ಹೊಡಿ ಮಗನ!" ಎಂದು ನನಗೇ ಹೇಳಿಕೊಂಡು "ಆರು!" ಎಂದೆ. ಎಲ್ಲರೂ ಆರಕ್ಕೆ ಓಡಿದರು. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಇರುವುದೇ ಆರು. ಆಮೇಲೆ ಗೋಡೆ.

"ಏಳು!" ಎಂದೆ ನಾನು.

ಗೋಡೆಯ ಮುಂದೆ ನಿಂತ ಮಂದಿ ನನ್ನ ಕೋಣೆಯ ಕಡೆ ತಿರುಗಿದರಂತೆ. ಆಮೇಲೆ ನನ್ನ ಬಾಗಿಲ ಮೇಲೆ ದಬದಬ ಬಡಿತ. "ಏಳನೇದು ಎಲ್ಲೈತ್ರೀ?" ಎಂದು ಒಂದು ಊರಿನಷ್ಟು ಮಂದಿಯ ದನಿ. ಪರದೆ ಸರಿಸಿ ನೋಡಿದೆ. ಆಗ ಮೈಕಿನ ಕೆಂಪು ದೀಪವೂ ಕಣ್ಣಿಗೆ ಬಿತ್ತು.

ಮೊದಲಿನ ನಾನಾಗಿದ್ದರೆ ಮೇಜಿನ ಕೆಳಗೆ ಸೇರಿಕೊಂಡು, ಸಂಜೆ ವರ್ಗಾವಣೆಗೆ ಅರ್ಜಿ ಬರೆಯುತ್ತಿದ್ದೆ. ಅವತ್ತು ಏನಾಯಿತೋ, ಬಾಗಿಲು ತೆರೆದು ಹೊರಗೆ ಬಂದೆ. ಅಂಗಿ ಬೆವರಿನಿಂದ ತೊಯ್ದಿತ್ತು. ಇಷ್ಟು ಮಂದಿಯ ಮುಂದೆ ಮೈಕಿಲ್ಲದೆ ನಿಂತದ್ದು ಹುಟ್ಟಿದಾಗಿನಿಂದ ಅದೇ ಮೊದಲು.

"ಬಸ್ ಅಲ್ರಿ," ಎಂದೆ. "ನಾ ಬೈಠಕ್ ಹೊಡ್ಯಾಕತ್ತಿದ್ದೆ. ಮೈಕ್ ಬಂದ್ ಆಗಿರಲಿಲ್ಲ. ತಪ್ಪಾತ್ರಿ."

ಯಾರೋ ಹಿಂದಿನಿಂದ ಫಕ್ಕನೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಡ್ರೈವರ್‌ಗಳು, ಕಂಡಕ್ಟರ್‌ಗಳು, ಕೋಳಿ ಹಿಡಿದವನು. ನಾನೂ ಕಟ್ಟೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಒಬ್ಬ ಮುದುಕಿ ಮಾತ್ರ ನಗಲಿಲ್ಲ. ತಲೆಯ ಮೇಲಿನ ಗಂಟು ಇಳಿಸಿ, ಏದುಸಿರು ಬಿಡುತ್ತ ನನ್ನ ಮುಂದೆ ಬಂದು ನಿಂತಳು. ಮೇಲಿಂದ ಕೆಳಗೆ ನೋಡಿ, ನನ್ನ ತೋಳು ಒಮ್ಮೆ ಹಿಚುಕಿ ಪರೀಕ್ಷೆ ಮಾಡಿದಳು.

"ಹೊಡಿಯಪ್ಪಾ, ಬೈಠಕ್ ಹೊಡಿ, ಗಟ್ಟಿ ಆಗು. ನಾ ಬ್ಯಾಡ ಅನ್ನೂದಿಲ್ಲ. ಆದ್ರ ನಾಳೆ ಎಣಸೂ ಮುಂದ ಮೂರಕ್ಕ ನಿಲ್ಲಸು. ಮೋರಟಗಿ ಬಸ್ಸು ಅಲ್ಲೇ ನಿಂದ್ರತೈತಿ."